ಮದುವೆ ಕಾಗದಕ್ಕೆ ಅಂಟಿಕೊಂಡು ಹೋದದ್ದು

ಪಾಣೆಮಂಗಳೂರಿನ ಆ ಪ್ರೆಸ್ಸಿಗೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಲ್ಯಾಮಿನೇಶನ್ ಮೆಷಿನ್ನಿಗೆ. ಅದಕ್ಕೆ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸುವ ಉಪಚಾರ, ಸಂಜೆ ಹೊದಿಕೆ. ನನಗೆ ಒಂದು ಕೈ ಮುರಿದ ಕುರ್ಚಿ. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ವಾಮದಪದವಿನಿಂದ ಬಂಟ್ವಾಳಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸೇತುವೆ ದಾಟಿ ಇಳಿಯುವಷ್ಟರಲ್ಲಿ ಇಸ್ತ್ರಿ ಹಾಕಿದ ಚೂಡಿದಾರದ ಗತಿ ನೋಡುವ ಹಾಗಿರಲಿಲ್ಲ. ಆದರೂ ನಾನು ಜಂಬದವಳು. ನಮ್ಮ ಕಡೆಯಲ್ಲಿ ಕಂಪ್ಯೂಟರ್ ಕಲಿತ ಮೊದಲ ಹುಡುಗಿ ಎಂಬ ಜಂಬ. ಮೂವತ್ತರ ಹತ್ತಿರ ಬಂದರೂ ಮದುವೆಯಾಗದ ಹುಡುಗಿ ಎಂಬ ಮಾತನ್ನು ಮುಚ್ಚಲಿಕ್ಕೂ ನನ್ನ ಹತ್ತಿರ ಇದ್ದದ್ದು ಅದೊಂದೇ ಜಂಬ.

ಪ್ರೆಸ್ಸಿನ ಯಜಮಾನರು ಆ ಊರಿನಲ್ಲೇ ಹುಟ್ಟಿ ಬೆಳೆದ ಬ್ಯಾರಿ ಮುಸ್ಲಿಮರು, ನಮಗೆಲ್ಲ ಸಾಹೇಬರು. ಮಾತು ಕಡಿಮೆ, ನಡಿಗೆ ನಿಧಾನ, ಸಿಟ್ಟೇ ಬಾರದ ಮನುಷ್ಯ. ನನಗಾದರೋ ಸಿಟ್ಟು ಮೂಗಿನ ತುದಿಯಲ್ಲಿ. ನಮ್ಮಲ್ಲಿ ಬರುತ್ತಿದ್ದ ಕೆಲಸ ಹೆಚ್ಚಿನದ್ದು ಆಮಂತ್ರಣದ್ದು: ಮದುವೆ, ಗೃಹಪ್ರವೇಶ, ನಿಖಾ, ಮತ್ತೆ ಬೊಜ್ಜ. ಬೊಜ್ಜ ಎಂದರೆ ತುಳುವರಲ್ಲಿ ಸತ್ತವರ ಉತ್ತರಕ್ರಿಯೆ. ಹದಿಮೂರನೇ ದಿನದ ಊಟಕ್ಕೆ ನೆಂಟರಿಷ್ಟರನ್ನು, ನೆರೆಕರೆಯವರನ್ನು ಕರೆಯುವುದಕ್ಕೂ ಕಾರ್ಡು ಅಚ್ಚು ಹಾಕಿಸುತ್ತಾರೆ, ಮೇಲೆ ಸತ್ತವರ ಫೋಟೋ ಇರುತ್ತದೆ. ಮದುವೆಯ ಕಾರ್ಡಿನ ನಾಲ್ಕು ಮೂಲೆಗೆ ಅರಸಿನ ಹಚ್ಚಿ ದೇವರ ಮುಂದೆ ಇಡುವ ಜನ ಬೊಜ್ಜದ ಕಾರ್ಡನ್ನು ಮನೆಯ ಒಳಗೇ ತರುವುದಿಲ್ಲ. ಜಗಲಿಯಲ್ಲಿ ನಿಂತು ಓದಿ, ದಿನ ನೆನಪಿಟ್ಟುಕೊಂಡು, ಹರಿದು ಹಾಕುತ್ತಾರೆ. ಪ್ರೆಸ್ಸಿನಲ್ಲೂ ಆ ಎರಡು ಕಟ್ಟುಗಳನ್ನು ಒಂದೇ ಕಪಾಟಿನಲ್ಲಿ ಇಡಬಾರದೆಂದು ಸಾಹೇಬರು ನನಗೆ ಮೊದಲ ದಿನವೇ ಹೇಳಿದ್ದರು.

ಇನ್ನೊಂದು ವಿಷಯ. ನಮ್ಮ ಕಡೆ ಕಾರ್ಡು ಕೊಟ್ಟರೆ ಮುಗಿಯುವುದಿಲ್ಲ, ಮನೆಗೆ ಹೋಗಿ ಬಾಯಿಬಿಟ್ಟು ಕರೆಯಬೇಕು. ಅದಕ್ಕೆ ಹೇಳಿಕೆ ಎಂದು ಹೆಸರು. ಹೇಳಿಕೆ ಇಲ್ಲದೆ ಕಾರ್ಡು ಮಾತ್ರ ಬಂದರೆ ಅದು ಕರೆದ ಹಾಗಲ್ಲ. ಆದರೆ ಮುಂಬಯಿಯಲ್ಲಿ, ದುಬಾಯಿಯಲ್ಲಿ, ಮಸ್ಕತ್ತಿನಲ್ಲಿ ಇರುವವರ ಮನೆಗೆ ಯಾರು ಹೋಗುವುದು? ಅವರಿಗೆ ಅಂಚೆಯಲ್ಲಿ ಹಾಕಿದ ಕಾರ್ಡು ಊಟ ಮುಗಿದು ಎಲೆ ತೆಗೆದ ಮೇಲೆ ತಲುಪುತ್ತಿತ್ತು. ಸಾಹೇಬರ ಅಣ್ಣತಮ್ಮಂದಿರೆಲ್ಲ ಗಲ್ಫಿನಲ್ಲಿದ್ದರು, ಆದ್ದರಿಂದ ಪ್ರೆಸ್ಸಿಗೆ ಇಂಟರ್‌ನೆಟ್ಟು ಬೇಗ ಬಂದಿತ್ತು. ಅವರೇ ಒಂದು ದಿನ ಹೇಳಿದರು: “ನಮ್ಮಲ್ಲಿ ಕಾರ್ಡು ಮಾಡಿಸಿದವರಿಗೆ ಪರವೂರಿನವರ ಕಾರ್ಡು ನಾವೇ ಈ-ಮೇಲ್‌ನಲ್ಲಿ ಕಳಿಸುವ. ಎಂತ ಹೇಳ್ತಿ?”

ನಾನು ಹೇಳುವುದೇನು, ಕೆಲಸ ನನ್ನ ತಲೆಗೇ ಬಂತು. ಕಾರ್ಡಿನ ಚಿತ್ರವನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಬೇಕು. ಎಲ್ಲರ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಕಳಿಸಿದರೆ ‘ಅವರ ಹೆಸರು ನಮಗಿಂತ ಮೇಲೆ ಯಾಕೆ’ ಎಂದು ಕೇಳುವ ನೆಂಟರಿದ್ದಾರೆ. ಟೆಲಿಫೋನ್ ತಂತಿಯ ಇಂಟರ್‌ನೆಟ್ಟಿನಲ್ಲಿ ಒಂದು ಫೈಲು ಹೋಗಬೇಕಾದರೆ ನಾನು ಒಂದು ಚಹಾ ಕುಡಿದು ಲೋಟ ತೊಳೆದು ಬರಬಹುದಿತ್ತು. ಅರ್ಧ ಹೋದ ಮೇಲೆ ಯಾರಾದರೂ ಫೋನ್ ಎತ್ತಿದರೆ ಮತ್ತೆ ಮೊದಲಿನಿಂದ. ಕಂಪ್ಯೂಟರಿಗೆ ಬೈದು ಬೈದು ನನಗೆ ಸಾಕಾಯಿತು.

ಆ ವರ್ಷ ನಾನು ಭಾನುವಾರ ಮೂಡುಬಿದಿರೆಯಲ್ಲಿ ಒಂದು ಪ್ರೋಗ್ರಾಮಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಕಲಿಸುವವರು ಕಲಿಸಿದ್ದು ಸಂಬಳದ ಚೀಟಿ ಮಾಡುವುದು, ಲೈಬ್ರರಿ ಪುಸ್ತಕ ಎಂಟ್ರಿ ಮಾಡುವುದು. ನನಗೆ ಬೇಕಾದ್ದು ಬೇರೆ. ಈ-ಮೇಲ್‌ನ ಹೊಟ್ಟೆಯೊಳಗೆ ಏನುಂಟು ಎಂದು ಹುಡುಕುತ್ತಾ ಹೋದೆ. ನೋಡಿದರೆ ಅದು ಬರಿಯ ಅಕ್ಷರಗಳ ಸಾಲು! ಮೇಲೆ ಯಾರಿಂದ, ಯಾರಿಗೆ, ಏನು ವಿಷಯ. ಆಮೇಲೆ ಒಂದು ಖಾಲಿ ಸಾಲು. ಆ ಖಾಲಿ ಸಾಲು ತಪ್ಪಿದರೆ ಎಲ್ಲ ತಪ್ಪಿತು. ನಂತರ ಬೌಂಡರಿ ಎಂಬ ಒಂದು ಗೆರೆ. ಪತ್ರದಲ್ಲಿ ಬೇರೆಲ್ಲೂ ಬಾರದ ಅಕ್ಷರಗಳನ್ನು ಜೋಡಿಸಿ ನಾವೇ ಅದನ್ನು ಮಾಡಿಕೊಳ್ಳಬೇಕು. ಆ ಗೆರೆಯ ಕೆಳಗೆ ಪತ್ರ. ಮತ್ತೆ ಅದೇ ಗೆರೆ. ಅದರ ಕೆಳಗೆ ಲಗತ್ತಿಸಿದ ಫೈಲು, ಅಂದರೆ ಚಿತ್ರವನ್ನೇ ಒಡೆದು ಇಂಗ್ಲಿಷ್ ಅಕ್ಷರಗಳಾಗಿ ಬದಲಿಸಿದ ಉದ್ದದ ರಾಶಿ. ಎರಡು ಫೈಲು ಇದ್ದರೆ ನಡುವೆ ಇನ್ನೊಂದು ಗೆರೆ. ಕೊನೆಗೆ ಗೆರೆಯ ಬಾಲಕ್ಕೆ ಎರಡು ಅಡ್ಡಗೀಟು ಹಾಕಿ ಮುಗಿಸಬೇಕು. ನಮ್ಮ ಊಟದ ಕ್ಯಾರಿಯರಿನ ಹಾಗೆ: ಒಂದರ ಮೇಲೊಂದು ಡಬ್ಬಿ, ಮಧ್ಯೆ ಅಂಚು, ಮೇಲಿಂದ ಒಂದು ಚಿಲಕ.

ಇದನ್ನೆಲ್ಲ ಕೋಡಿನಲ್ಲಿ ಬರೆದು, ಮೊದಲ ಮೇಲ್ ಸಾಹೇಬರ ದುಬಾಯಿಯ ತಮ್ಮನಿಗೆ ಕಳಿಸಿದೆ. ಅವರು ಅಲ್ಲಿಂದ ಫೋನ್ ಮಾಡಿ “ಕಾರ್ಡು ಕಾಣ್ತದೆ, ಚಂದ ಉಂಟು” ಎಂದಾಗ ನಾನು ನೆಲದ ಮೇಲೆ ಇರಲಿಲ್ಲ. ಆಮೇಲೆ ವಿಳಾಸಗಳನ್ನು ಒಂದು ಫೈಲಿನಲ್ಲಿ ತುಂಬಿಸಿ, ಕಾರ್ಡಿನ ಚಿತ್ರ ತೋರಿಸಿ, ಬಟನ್ ಒತ್ತಿದರೆ ಆಯಿತು. ಉಳಿದದ್ದು ಅದು ನೋಡಿಕೊಳ್ಳುತ್ತಿತ್ತು. ಪ್ರೆಸ್ಸಿಗೆ ಬಂದವರಿಗೆಲ್ಲ ಸಾಹೇಬರು “ಇದು ನಮ್ಮ ಹುಡುಗಿಯೇ ಮಾಡಿದ್ದು” ಎಂದು ತೋರಿಸುವರು. ನಾನು ಕೇಳದವರಿಗೂ ವಿವರಿಸುವೆ. ಮೀನು ತರಲಿಕ್ಕೆ ಹೊರಟು ಚಪ್ಪಲಿ ಹಾಕಿಕೊಂಡವರನ್ನೂ ನಿಲ್ಲಿಸಿ ಬೌಂಡರಿ ಎಂದರೇನೆಂದು ಹೇಳಿದ್ದುಂಟು.

ಈಗ ನನ್ನ ತಂಗಿಯ ಮದುವೆಗೆ ಬರುತ್ತೇನೆ. ವರ ವೇಣೂರಿನಿಂದ ಆಚೆ ಬೆಳ್ತಂಗಡಿ ಕಡೆಯವನು, ಮಸ್ಕತ್ತಿನಲ್ಲಿ ಕೆಲಸ. ಒಳ್ಳೆಯ ಸಂಬಂಧ. ಅಕ್ಕ ಇರುವಾಗಲೇ ತಂಗಿಗೆ ಮದುವೆಯೇ ಎಂದು ಕೇಳುವವರು ಕೇಳಿದರು. ನಾನೇ ಮುಂದೆ ನಿಂತು ಅವರ ಬಾಯಿ ಮುಚ್ಚಿಸಿದೆ. ಅವಳಿಗೆ ಆ ಹುಡುಗ ಇಷ್ಟವಾಗಿದ್ದ. ಅಂಗಳದಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದವಳು ಅವನ ಹೆಸರು ಬಂದರೆ ಎಲೆ ಕತ್ತರಿಸುವುದನ್ನು ನಿಲ್ಲಿಸುತ್ತಿದ್ದಳು. ಅವಳ ಮದುವೆಯ ಕಾರ್ಡು ನಾನೇ ಡಿಸೈನ್ ಮಾಡಿದೆ, ಪರವೂರಿನವರಿಗೆ ನನ್ನ ಪ್ರೋಗ್ರಾಮಿನಲ್ಲೇ ಕಳಿಸುತ್ತೇನೆಂದು ಎರಡೂ ಮನೆಯಲ್ಲಿ ಹೇಳಿಕೊಂಡೆ.

ಅದೇ ದಿನಗಳಲ್ಲಿ ನಮ್ಮ ನೆರೆಮನೆಯ ಅಣ್ಣ ತೀರಿಹೋದರು. ಅವರು ವಾಮದಪದವಿನಲ್ಲಿ ಬೀಡಿ ಬ್ರ್ಯಾಂಚ್ ನಡೆಸುತ್ತಿದ್ದವರು. ಮನೆಮನೆಗೆ ಎಲೆ, ಹೊಗೆಸೊಪ್ಪು ಕೊಡುವುದು, ಕಟ್ಟಿದ ಬೀಡಿ ತೆಗೆದುಕೊಳ್ಳುವುದು. ಬೇರೆ ಬ್ರ್ಯಾಂಚಿನಲ್ಲಿ ಬೀಡಿ ಸರಿಯಿಲ್ಲವೆಂದು ಹೆಂಗಸರ ಮುಖಕ್ಕೆ ಕಟ್ಟು ಎಸೆಯುವವರಿದ್ದರು. ಇವರು ಹಾಗೆ ಮಾಡಿದವರಲ್ಲ. ನಮ್ಮ ಅಮ್ಮನ ಕೈ ನೋವು ಜೋರಾಗಿ ಬೀಡಿ ಸಡಿಲವಾಗುತ್ತಿದ್ದ ಕಾಲದಲ್ಲೂ ‘ಇರಲಿ ಬಿಡಿ’ ಎಂದು ಒಳಗೆ ಹಾಕಿಕೊಂಡವರು. ತಂಗಿಗೆ ಸಣ್ಣದಿರುವಾಗ ಜ್ವರ ತಲೆಗೇರಿ ಕಣ್ಣು ಮೇಲೆ ಮಾಡಿದಾಗ ಸೈಕಲ್ಲಿನಲ್ಲಿ ಕೂರಿಸಿಕೊಂಡು ಡಾಕ್ಟರಲ್ಲಿಗೆ ಓಡಿದ್ದೂ ಅವರೇ. ಎದೆನೋವು ಎಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾವು ಅಕ್ಕ ಎಂದೇ ಕರೆಯುತ್ತಿದ್ದದ್ದು.

ಬೊಜ್ಜದ ಕಾರ್ಡಿಗೆ ಅವರ ಫೋಟೋ ಬೇಕಾಯಿತು. ಅವರ ಮನೆಯಲ್ಲಿ ಇದ್ದದ್ದು ಮದುವೆಯ ಕಾಲದ್ದು, ಯಾರೆಂದು ಗುರುತು ಸಿಗುವ ಹಾಗಿರಲಿಲ್ಲ. ನಮ್ಮ ಆಲ್ಬಮ್ಮಿನಲ್ಲಿ ಒಂದಿತ್ತು: ತಂಗಿಯ ಹತ್ತನೇ ಕ್ಲಾಸಿನ ಪಾಸಿನ ದಿನ ಅಂಗಳದಲ್ಲಿ ತೆಗೆದದ್ದು, ಅವಳ ಪಕ್ಕದಲ್ಲಿ ನಿಂತು ಅವರು ನಗುತ್ತಿದ್ದರು. ನಾನೇ ಅದನ್ನು ಸ್ಕ್ಯಾನ್ ಮಾಡಿ, ತಂಗಿಯನ್ನು ಕತ್ತರಿಸಿ ತೆಗೆದು, ಸುತ್ತ ಕಪ್ಪು ಅಂಚು ಹಾಕಿದೆ. ಅಕ್ಕನ ತಮ್ಮ ಮುಂಬಯಿಯಲ್ಲಿದ್ದ. ಅವನು ಅಲ್ಲಿಯ ವಿಳಾಸಗಳನ್ನು ಕಳಿಸಿದ.

ಒಂದು ಸಂಜೆ ಮೊದಲು ಬೊಜ್ಜದ ಕಾರ್ಡು ಕಳಿಸಿದೆ. ಅದು ಮುಗಿಯಿತೆಂದು ಪರದೆಯಲ್ಲಿ ಬಂತು. ಇನ್ನೂ ಹೊತ್ತಿತ್ತು. ಹಾಗಾದರೆ ನಮ್ಮದನ್ನೂ ಕಳಿಸುವ ಎಂದು ಅದೇ ಕಿಟಕಿಯಲ್ಲಿ ತಂಗಿಯ ಮದುವೆಯ ಪಟ್ಟಿ ತೆರೆದು, ಮದುವೆಯ ಕಾರ್ಡು ತೋರಿಸಿ ಬಟನ್ ಒತ್ತಿದೆ. ಎಲ್ಲ ಸರಾಗವಾಗಿ ಹೋಯಿತು. ಮನೆಗೆ ಬಂದು ತಂಗಿಗೆ “ನಿನ್ನ ಕಾರ್ಡು ಈಗ ಮಸ್ಕತ್ತಿನಲ್ಲಿ ಉಂಟು” ಎಂದೆ. ಅವಳು ನಾಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಫೋನ್ ಬಂತು. ವರನ ಸೋದರಮಾವ. ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. “ನೀನೇನಾ ಹುಡುಗಿಯ ಅಕ್ಕ? ಮುಂಬಯಿಯಿಂದ ನಮ್ಮವರು ಫೋನ್ ಮಾಡಿದ್ರು. ಮದುವೆ ಕಾಗದ ಅಂತ ತೆರೆದ್ರೆ ಮೊದಲು ಬೊಜ್ಜದ ಕಾಗದ ಬರ್ತದಂತೆ. ಎಂತ ಇದು? ನಮ್ಮ ಹುಡುಗ ಮಸ್ಕತ್ತಿನಲ್ಲಿ ಅದನ್ನೇ ನೋಡಿಕೊಂಡು ಕೂತಿದ್ದಾನಂತೆ. ನಿನ್ನ ಅಪ್ಪನಿಗೆ ಬರ್ಲಿಕ್ಕೆ ಹೇಳು.”

ಫೋನ್ ಇಟ್ಟೆ. ಕಳಿಸಿದ ಮೇಲ್‌ನ ಪ್ರತಿ ತೆರೆದು ನೋಡಿದೆ. ಹೌದು. ಪತ್ರ, ಗೆರೆ, ಬೊಜ್ಜದ ಕಾರ್ಡು, ಗೆರೆ, ಮದುವೆಯ ಕಾರ್ಡು. ಎಲ್ಲ ಗೆರೆಗಳೂ ಸರಿಯಾಗಿದ್ದವು, ಬಾಲದ ಅಡ್ಡಗೀಟೂ ಸರಿಯಿತ್ತು. ಕೋಡಿನಲ್ಲಿ ಲಗತ್ತುಗಳನ್ನು ತುಂಬಿಸುವ ಒಂದು ಜಾಗ ಮಾಡಿದ್ದೆ. ಹೊಸ ಕೆಲಸ ಶುರುವಾಗುವಾಗ ವಿಳಾಸಗಳ ಜಾಗವನ್ನು ಖಾಲಿ ಮಾಡುತ್ತಿದ್ದೆ. ಲಗತ್ತಿನ ಜಾಗವನ್ನು ಖಾಲಿ ಮಾಡಲಿಕ್ಕೆ ಬರೆಯಲೇ ಇಲ್ಲ. ಹಳೆಯದು ಅಲ್ಲೇ ಕೂತಿತ್ತು, ಹೊಸದು ಅದರ ಹಿಂದೆ ಬಂದು ಕೂತಿತು. ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಎಂದರೆ, ಪಾಣೆಮಂಗಳೂರಿನಲ್ಲಿ ಎರಡು ಕೆಲಸದ ನಡುವೆ ಕರೆಂಟು ಹೋಗದೆ ಇದ್ದ ದಿನವೇ ಇರಲಿಲ್ಲ. ಕರೆಂಟು ಹೋದರೆ ಪ್ರೋಗ್ರಾಮು ಸಾಯುತ್ತಿತ್ತು, ಮತ್ತೆ ತೆರೆದಾಗ ಎಲ್ಲ ಖಾಲಿ. ನಾನು ಬೈಯುತ್ತಿದ್ದ ಆ ವಿದ್ಯುತ್ ಇಲಾಖೆಯೇ ನನ್ನ ಮರ್ಯಾದೆ ಕಾಪಾಡಿಕೊಂಡು ಬಂದಿತ್ತು. ಆ ಸಂಜೆ ಮಾತ್ರ ಕರೆಂಟು ಹೋಗಲಿಲ್ಲ.

ಅಪ್ಪ ಮತ್ತು ನಾನು ವೇಣೂರಿನ ಬಸ್ಸು ಹತ್ತಿದೆವು. ಅಪ್ಪ ದಾರಿಯುದ್ದಕ್ಕೂ ನನಗೆ ಬೈಯಲೂ ಇಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಹೇಳುತ್ತಿದ್ದೆ. ವರನ ಮನೆಯ ಚಾವಡಿಯಲ್ಲಿ ಐದಾರು ಜನ ಹಿರಿಯರು ಕೂತಿದ್ದರು. ನಮಗೆ ಕುಳಿತುಕೊಳ್ಳಲು ಹೇಳಿದರು, ಬೆಲ್ಲ ನೀರು ಕೊಡಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡದ ಮನೆ ನಮ್ಮ ಕಡೆ ಇಲ್ಲ; ಅಪ್ಪ ಅದನ್ನು ಗಮನಿಸಿ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ನಾನು ಲಗತ್ತು, ಕೋಡು, ಖಾಲಿ ಮಾಡುವುದು ಎಂದೆಲ್ಲ ವಿವರಿಸಲು ಹೊರಟೆ. ಮಾವ ಕೈ ಅಡ್ಡ ಹಿಡಿದರು. “ಅದೆಲ್ಲ ನಮಗೆ ಅರ್ಥ ಆಗುದಿಲ್ಲ. ನಿನ್ನ ಕೈಯಿಂದ ಹೋದದ್ದು ಹೌದಾ, ಅಲ್ವಾ?” ಹೌದು ಎಂದೆ. ಒಳಗಿನಿಂದ ಒಬ್ಬ ಹೆಂಗಸು, ನಮಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಅಂದಳು: “ಅಕ್ಕನಿಗೆ ಇನ್ನೂ ಆಗ್ಲಿಲ್ಲ ಅಲ್ವಾ? ಮತ್ತೆ ಕೇಳ್ಬೇಕಾ?”

ಆ ಮಾತು ನನಗೆ ಇಂದಿಗೂ ಕಿವಿಯಲ್ಲಿ ಉಂಟು. ತಂಗಿಯ ಮದುವೆಗೆ ಕಣ್ಣು ಹಾಕಿ ಬೇಕೆಂದೇ ಸಾವಿನ ಕಾಗದ ಸೇರಿಸಿದಳು ಎಂಬ ಅರ್ಥ. ಉತ್ತರ ಕೊಡುವ ಬಾಯಿ ನನ್ನದು. ಅಂದು ಕೊಡಲಿಲ್ಲ. ಕೊಟ್ಟರೆ ಮದುವೆ ಮುರಿಯುತ್ತದೆ ಎಂದು ಗೊತ್ತಿತ್ತು.

ಮಾವ ಕೊನೆಗೆ ತೀರ್ಮಾನ ಹೇಳಿದರು. ಜೋಯಿಸರಲ್ಲಿ ಕೇಳಿದ್ದಾರೆ, ದೇವಸ್ಥಾನದಲ್ಲಿ ಒಂದು ಪೂಜೆ ಆಗಬೇಕು. ಮದುವೆ ಮುಗಿಯುವ ತನಕ ನಮ್ಮ ಮನೆಯಿಂದ ಯಾರೂ ಆ ಸಾವಿನ ಮನೆಯ ಅಂಗಳ ತುಳಿಯಬಾರದು. ಮತ್ತೆ, ಯಾರಿಗೆಲ್ಲ ಆ ಕಾಗದ ಹೋಗಿದೆಯೋ ಅವರಿಗೆಲ್ಲ ಇನ್ನೊಂದು ಕಾಗದ ಹೋಗಬೇಕು, ಅದನ್ನು ತಾವೇ ಮುಂದೆ ನಿಂತು ಬರೆಸುತ್ತಾರೆ. ಇಷ್ಟಾದರೆ ಮದುವೆ ಉಂಟು. ಅಪ್ಪ ಎದ್ದು ನಿಂತು ಎರಡೂ ಕೈ ಜೋಡಿಸಿದರು. ನನಗೆ ಅಪ್ಪನ ಕೈ ಹಿಡಿದು ಕೆಳಗೆ ಇಳಿಸಬೇಕೆನಿಸಿತು, ಇಳಿಸಲಿಲ್ಲ.

ಮರುದಿನ ಮಾವ ಜೀಪು ಮಾಡಿಕೊಂಡು ಪ್ರೆಸ್ಸಿಗೆ ಬಂದರು. ನನ್ನ ಮುರಿದ ಕುರ್ಚಿಯ ಪಕ್ಕ ಸಾಹೇಬರ ಒಳ್ಳೆಯ ಕುರ್ಚಿ ಹಾಕಿ ಕೂತರು. ಆಗ ಕನ್ನಡ ಅಕ್ಷರವನ್ನು ಮೇಲ್‌ನಲ್ಲಿ ನೇರ ಬರೆದರೆ ಆಚೆ ಕಡೆಯವರಿಗೆ ಏನೇನೋ ಕಾಣುತ್ತಿತ್ತು. ಆದ್ದರಿಂದ ಕ್ಷಮಾಪಣೆಯನ್ನೂ ಕಾರ್ಡಿನ ಹಾಗೆ ಕೂರಿಸಿ, ಚಿತ್ರ ಮಾಡಿ, ಲಗತ್ತಿಸಬೇಕಿತ್ತು. ಮಾವ ಹೇಳುತ್ತಾ ಹೋದರು, ನಾನು ಬೆರಳಚ್ಚು ಮಾಡುತ್ತಾ ಹೋದೆ. ನಮ್ಮ ಶುಭಪತ್ರದ ಜೊತೆ ಕಂಪ್ಯೂಟರಿನ ದೋಷದಿಂದ ಒಂದು ಅಶುಭ ಪತ್ರ ಬಂದಿರುತ್ತದೆ. ಅದನ್ನು ಕೂಡಲೇ ಅಳಿಸಿಹಾಕಬೇಕು. ಇಲ್ಲಿಯವರೆಗೆ ಸರಿ. ಆಮೇಲೆ ಅವರು, “ಸತ್ತವನು ಯಾರೋ, ನಮಗೆ ಪರಿಚಯವೂ ಇಲ್ಲ, ಸಂಬಂಧವೂ ಇಲ್ಲ ಅಂತ ಹಾಕು. ನೆಂಟರು ನಮ್ಮಲ್ಲೇ ಯಾರೋ ಹೋದ್ರು ಅಂತ ತಿಳ್ಕೊಳ್ಳಬಾರ್ದು” ಎಂದರು.

ನನ್ನ ಬೆರಳು ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಸಾಹೇಬರು ಮೆಲ್ಲಗೆ ಕೆಮ್ಮಿದರು. “ಸಂಬಂಧ ಇಲ್ಲ ಅಂತ ಹಾಕಿದ್ರೆ ಸಾಕಲ್ವಾ ಮಾರಾಯ್ತಿ? ಪರಿಚಯ ಇಲ್ಲ ಅಂತ ಎಂತಕ್ಕೆ? ಅವರದ್ದೂ ನಮ್ಮದೇ ಕಾರ್ಡಲ್ವಾ?”

ಈ ಮಾತಿಗೆ ನನಗೆ ಬಂದ ಸಿಟ್ಟನ್ನು ಹೇಳಲಿಕ್ಕೆ ಇವತ್ತೂ ನಾಚಿಕೆಯಾಗುತ್ತದೆ. ಹಿಂದಿನ ದಿನದಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಆ ಒಳ್ಳೆಯ ಮನುಷ್ಯನ ಮೇಲೆ ತಿರುಗಿತು. “ನಿಮಗೇನು ಸಾಹೇಬ್ರೇ, ಮುರಿಯುವುದು ನಿಮ್ಮ ಮನೆಯ ಮದುವೆ ಅಲ್ಲ” ಎಂದುಬಿಟ್ಟೆ. ಅವರು ಹೊರಗೆ ಹೋದರು. ನಾನು ಬೆರಳಚ್ಚು ಮಾಡಿದೆ: ಮೃತರು ನಮಗೆ ಅಪರಿಚಿತರು. ಅಕ್ಷರ ಎದ್ದು ಕಾಣಲಿ ಎಂದು ಆ ಸಾಲನ್ನು ದಪ್ಪ ಮಾಡಿದೆ. ಮಾವ ಹೇಳಿದ್ದಲ್ಲ ಅದು, ನನ್ನದೇ ಕೆಲಸದ ಹುಮ್ಮಸ್ಸು.

ಲಗತ್ತಿನ ಜಾಗ ಖಾಲಿ ಮಾಡುವ ಸಾಲನ್ನು ಕೋಡಿನಲ್ಲಿ ಸೇರಿಸಿದ್ದೆ. ಒಂದೇ ಸಾಲು. ಮೊದಲು ನನಗೇ ಕಳಿಸಿ ನೋಡಿದೆ, ಒಂದೇ ಫೈಲು ಬಂತು. ಆಮೇಲೆ ಇಡೀ ಪಟ್ಟಿಗೆ ಕಳಿಸಿದೆ. ವಿಳಾಸಗಳು ಒಂದೊಂದಾಗಿ ಪರದೆಯಲ್ಲಿ ಮೇಲೆ ಸರಿಯುತ್ತಿದ್ದವು, ಮಾವ ಒಂದೊಂದನ್ನೂ ಓದಿ ತಲೆಯಾಡಿಸುತ್ತಿದ್ದರು. ಕೊನೆಕೊನೆಗೆ ಇನ್ನೊಂದು ವಿಳಾಸ ಬಂತು. ಅದು ಮುಂಬಯಿಯ ತಮ್ಮನದ್ದು, ನೆರೆಮನೆಯ ಅಕ್ಕನ ತಮ್ಮನದ್ದು. ಊರಿನವನೆಂದು ನಾವು ಅವನನ್ನೂ ಮದುವೆಗೆ ಕರೆದಿದ್ದೆವು. ಅವನ ಭಾವ ನಮಗೆ ಅಪರಿಚಿತ ಎಂದು ದಪ್ಪ ಅಕ್ಷರದಲ್ಲಿ ಬರೆದದ್ದು ಅವನಿಗೂ ಹೋಗಿತ್ತು. ಹೋದ ಮೇಲ್ ಹಿಂದೆ ಕರೆಯುವ ವಿದ್ಯೆ ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿಲ್ಲ.

ಬೊಜ್ಜದ ದಿನ ನಮ್ಮ ಮನೆಯ ಬಾಗಿಲು ಹಾಕಿಕೊಂಡು ನಾವು ಒಳಗೆ ಕೂತೆವು. ನೆರೆಮನೆಯಲ್ಲಿ ಬೊಜ್ಜ ಎಂದರೆ ಪಾತ್ರೆ ನಮ್ಮದು ಹೋಗಬೇಕು, ತೆಂಗಿನಕಾಯಿ ತುರಿಯಲು ಅಮ್ಮ ಹೋಗಬೇಕು, ಅಪ್ಪ ಬಡಿಸಬೇಕು, ಹಾಗೆಯೇ ನಡೆದುಕೊಂಡು ಬಂದದ್ದು. ಊರಿಗೆ ಊರೇ ನಮ್ಮ ಅಂಗಳದ ಬದಿಯಿಂದ ಹಾದು ಅಲ್ಲಿಗೆ ಹೋಯಿತು. ಹೋಗುವವರು ನಮ್ಮ ಬಾಗಿಲ ಕಡೆ ನೋಡುವುದು ಕಿಟಕಿಯ ಸಂದಿಯಲ್ಲಿ ಕಾಣುತ್ತಿತ್ತು. ಸಾರಿನ ಪರಿಮಳ ಬಂತು. ಅಮ್ಮ ಅಂದು ನಮಗೆ ಅಡುಗೆ ಮಾಡಲಿಲ್ಲ. ತಂಗಿ ಅಳುತ್ತಾ, “ನನಗೆ ಈ ಮದುವೆ ಬೇಡ, ನಾನು ಅಲ್ಲಿಗೆ ಹೋಗ್ತೇನೆ” ಎಂದು ಎದ್ದಳು. ನಾನು ಅವಳ ರಟ್ಟೆ ಹಿಡಿದು ಕೂರಿಸಿದೆ. “ನಿನ್ನನ್ನು ಸೈಕಲ್ಲಿನಲ್ಲಿ ಕರ್ಕೊಂಡು ಹೋದವರು” ಎಂದು ಅವಳು ಅಳುವಿನ ಭರದಲ್ಲಿ ತಪ್ಪಿ ನನಗೇ ಹೇಳಿದಳು. ಕರೆದುಕೊಂಡು ಹೋದದ್ದು ಅವಳನ್ನು. ನಾನು ತಿದ್ದಲಿಲ್ಲ.

ಆಮೇಲೆ ಊರಿನಲ್ಲಿ ಹೇಳಿಕೆ ಶುರುವಾಯಿತು. ಅಪ್ಪ ಮತ್ತು ನಾನು ಮನೆಮನೆಗೆ ಹೋಗಿ ಕರೆದೆವು. ಎಲ್ಲರೂ ಕಾರ್ಡು ತೆಗೆದುಕೊಂಡರು, ಬರುತ್ತೇವೆ ಎಂದರು, ಮಾತು ಮುಗಿಸಿ ಒಳಗೆ ಹೋದರು. ಕೂತು ಹೋಗಿ ಎಂದು ಹೆಚ್ಚಿನವರು ಹೇಳಲಿಲ್ಲ. ಪಕ್ಕದ ಮನೆ ಮಾತ್ರ ಉಳಿಯಿತು. ಬೊಜ್ಜ ಆದ ಮೇಲೆ ಆ ಮನೆಗೆ ಹೇಳಿಕೆ ಕೊಡಲು ಅಡ್ಡಿಯಿಲ್ಲ, ಕೊಡದಿದ್ದರೆ ನಾವು ಅವರನ್ನು ನೆರೆಯಿಂದಲೇ ತೆಗೆದುಹಾಕಿದ ಹಾಗೆ. ಕೊಟ್ಟರೆ ಮಾವನ ಮಾತು ಮೀರಿದ ಹಾಗೆ. ದಿನಾ ಬೆಳಿಗ್ಗೆ ಅಪ್ಪ, “ಇವತ್ತು ಹೋಗುವ” ಎನ್ನುವರು. ದಿನಾ ಸಂಜೆ, “ನಾಳೆ ನೋಡುವ” ಎನ್ನುವರು. ನನ್ನ ತಲೆಯಲ್ಲಿ ಇದ್ದದ್ದು ಮಾವನ ಮಾತಲ್ಲ. ಅಕ್ಕನಿಗೆ ಆ ಸಾಲು ಗೊತ್ತಾಗಿದೆಯೋ ಇಲ್ಲವೋ ಎಂಬುದೊಂದೇ. ಹೋಗಿ ಕಾಲು ಹಿಡಿಯಬೇಕೆಂದು ಯೋಚಿಸುತ್ತಿದ್ದೆ, ಏನು ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಮನೆಯ ಹತ್ತಿರ ಬಂದಾಗ ಆ ಕಡೆ ನೋಡದೆ ನಡೆಯುತ್ತಿದ್ದೆ.

ಮದುವೆಗೆ ಎರಡು ದಿನ ಇರುವಾಗ ಅವರೇ ಬಂದರು.

ನಾನು ಹಿತ್ತಲಿನಲ್ಲಿ ಬಟ್ಟೆ ಹಾಕುತ್ತಿದ್ದೆ. ಅಕ್ಕ ನಮ್ಮ ಅಂಗಳಕ್ಕೆ ಕಾಲಿಡದೆ ಬೇಲಿಯ ಆಚೆಯೇ ನಿಂತು ಕರೆದರು. ಹಣೆ ಖಾಲಿ, ಕೈ ಖಾಲಿ. ಬಿಸಿಲಿತ್ತು, ಸೆರಗು ತಲೆಯ ಮೇಲೆ ಹಾಕಿಕೊಂಡಿದ್ದರು. ನಾನು ಹತ್ತಿರ ಹೋದೆ.

“ನಾನು ಒಳಗೆ ಬರುದಿಲ್ಲ ಮಗಾ, ಶುಭಕಾರ್ಯದ ಮನೆ” ಎಂದರು. “ಒಂದು ಮಾತು ಹೇಳಿ ಹೋಗ್ತೇನೆ. ಇವರ ಫೋಟೋ ನಿಮ್ಮ ಕಾಗದಕ್ಕೆ ಸೇರಿ ಹೋಯ್ತಂತೆ. ನಿಮಗೆ ತುಂಬಾ ತೊಂದ್ರೆ ಆಯ್ತಂತೆ. ನಿನ್ನ ಅಪ್ಪ ಅಲ್ಲಿ ಹೋಗಿ ಕೈ ಮುಗಿದ್ರಂತೆ. ತಪ್ಪು ತಿಳ್ಕೊಬೇಡಿ. ಅವರಿಗೆ ಇವಳ ಮದುವೆ ನೋಡ್ಬೇಕು ಅಂತ ಭಾರೀ ಆಸೆ ಇತ್ತು.”

“ಅಕ್ಕ, ಅದು ನನ್ನಿಂದ...” ಎಂದೆ.

“ಗೊತ್ತುಂಟು. ತಮ್ಮ ಎಲ್ಲ ಹೇಳಿದ. ನೀವು ಪರಿಚಯ ಇಲ್ಲ ಅಂತ ಬರೆದದ್ದೂ ಹೇಳಿದ, ಅವನಿಗೆ ಸಿಟ್ಟು. ನಾನೇ ಬೈದೆ ಅವನಿಗೆ. ಹಾಗೆ ಬರೀದಿದ್ರೆ ಹುಡುಗನ ಕಡೆಯವರು ಕೇಳ್ತಿದ್ರಾ? ಹುಡುಗಿಯ ಗತಿ ಎಂತ? ನೀನು ಬರೆದದ್ದು ಸರಿ.” ನಮ್ಮ ಒಗೆದ ಬಟ್ಟೆಗಳ ಕಡೆ ನೋಡಿದರು. “ಮತ್ತೆ, ನಮ್ಮಲ್ಲಿಗೆ ಹೇಳಿಕೆಗೆ ಅಂತ ಬರ್ಬೇಡಿ. ನಿಮಗೆ ಕಷ್ಟ ಆಗ್ತದೆ. ನಾನು ಯಾರಾದ್ರೂ ಕೇಳಿದ್ರೆ ನನಗೆ ಹೇಳಿಕೆ ಆಗಿದೆ ಅಂತ ಹೇಳ್ತೇನೆ.”

ನಾನು ಅಳುತ್ತೇನೆ ಎಂದುಕೊಂಡಿದ್ದೆ. ಕಾಲು ಹಿಡಿಯುತ್ತೇನೆ ಎಂದುಕೊಂಡಿದ್ದೆ. ಬೇಲಿ ದಾಟಿದರೆ ಎರಡು ಹೆಜ್ಜೆ. ಆದರೆ ಅವರು ಹಾಗೆ ಹೇಳಿದ ಕೂಡಲೇ ನನ್ನ ಮೈ ಹಗುರವಾಯಿತು. ಅಬ್ಬ, ಆ ಮನೆಗೆ ಹೋಗಬೇಕಾಗಿಲ್ಲ, ಆ ಬಾಗಿಲಲ್ಲಿ ನಿಂತು ಅವರ ಮುಖ ನೋಡಬೇಕಾಗಿಲ್ಲ, ಮಾವನಿಗೆ ಹೆದರಬೇಕಾಗಿಲ್ಲ. ಅಷ್ಟೇ ನನಗೆ ಆಗ ಅನಿಸಿದ್ದು. ಅವರು ಉತ್ತರಕ್ಕೆ ಕಾಯುತ್ತಿದ್ದರು.

“ಆಯ್ತು ಅಕ್ಕ” ಎಂದೆ.